ಕೆಸರಿಗೊಂದು ಕುದುರೆ

ವಾಹನಗಳಲ್ಲಿ ಎರಡು ಜಾತಿ. ಒಂದು, ತನಗಾಗಿ ರಸ್ತೆಯನ್ನು ಬೇಡುವಂಥದು. ಇನ್ನೊಂದು, ರಸ್ತೆ ಇಲ್ಲದಿದ್ದರೂ ಮುಖ ಸಿಂಡರಿಸದೆ ಹೋಗುವಂಥದು. ಹೇರುಕುದುರೆ, ಕತ್ತೆ, ಎತ್ತಿನ ಗಾಡಿ ಇವೆಲ್ಲ ಎರಡನೆಯ ಜಾತಿಗೆ ಸೇರಿದವು. ಎಂಜಿನ್ನು ಬಂದ ಮೇಲೆ ಮೊದಲನೆಯ ಜಾತಿಯ ಸಂತಾನವೇ ಬೆಳೆಯಿತು. ಅದರ ಸೇವೆಗೆಂದು ನಾವು ಗುಡ್ಡ ಕಡಿದೆವು, ಕೆರೆ ಮುಚ್ಚಿದೆವು, ಟಾರು ಸುರಿದೆವು. ಇಷ್ಟೆಲ್ಲ ಆದಮೇಲೆ ಯಾವನೋ ಪುಣ್ಯಾತ್ಮನಿಗೆ, ಎರಡನೆಯ ಜಾತಿಗೂ ಒಂದು ಎಂಜಿನ್ನು ಕೊಟ್ಟರೆ ಹೇಗೆ ಎಂದು ತೋರಿರಬೇಕು. ಹಾಗೆ ಹುಟ್ಟಿದ ಪ್ರಾಣಿಯೇ ಡರ್ಟ್ ಬೈಕು.

ಹೆಸರೇ ಒಂದು ತೊಡಕು. ಬ್ಯಾಂಕಿನಲ್ಲಿದ್ದು ನಿವೃತ್ತರಾದ ನನ್ನ ಭಾವನವರು ಯಾವ ಮಾತನ್ನೂ ನಿಘಂಟು ನೋಡದೆ ಒಪ್ಪುವವರಲ್ಲ. ಅವರು ನೋಡಿದ ನಿಘಂಟಿನಲ್ಲಿ ಆ ಇಂಗ್ಲಿಷ್ ಪದಕ್ಕೆ ಕೊಳೆ, ಕಸ, ಹೊಲಸು ಎಂದು ಅರ್ಥ ಕೊಟ್ಟಿತ್ತಂತೆ. "ನೋಡಯ್ಯ, ನನ್ನ ಮಗಳಿಗೆ ಈಗ ಹೊಲಸು ಬೈಕು ಬೇಕಂತೆ. ಸೋದರಮಾವ ನೀನು, ನೀನೇ ಬುದ್ಧಿ ಹೇಳು" ಎಂದು ಫೋನು ಮಾಡಿದರು. ನನ್ನನ್ನೇ ಆರಿಸಿದ್ದಕ್ಕೆ ಕಾರಣವೂ ಇತ್ತು. ನಾನು ಮೈಸೂರಿನಲ್ಲಿ ಭೌತಶಾಸ್ತ್ರದ ಮೇಷ್ಟರಾಗಿದ್ದವನು; ಮೂವತ್ತು ವರ್ಷ ಒಂದೇ ಯೆಜ್ಡಿಯನ್ನು ಬಿಚ್ಚಿ ಕಟ್ಟಿ, ಕಟ್ಟಿ ಬಿಚ್ಚಿ ಕಾಲ ಕಳೆದವನು. 1961ರಲ್ಲಿ ಯಾದವಗಿರಿಯ ಕಾರ್ಖಾನೆಯಿಂದ ಜಾವಾ ಹೊರಬರಲು ಮೊದಲಾಗಿ, 1973ರ ಹೊತ್ತಿಗೆ ಅದೇ ಯೆಜ್ಡಿ ಎಂಬ ಹೆಸರು ತಳೆದು, 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕುವವರೆಗೂ ಮೈಸೂರಿನ ಗಂಡಸರಲ್ಲಿ ಅರ್ಧ ಜನ ತಮ್ಮನ್ನು ಅರೆಮೆಕ್ಯಾನಿಕ್ಕುಗಳೆಂದೇ ಭಾವಿಸಿಕೊಂಡಿದ್ದರು. ಒಂದೇ ಸನ್ನೆಕೋಲಿನಲ್ಲಿ ಕಿಕ್ಕೂ ಹೊಡೆದು, ಅದನ್ನೇ ಮಡಿಸಿ ಗೇರೂ ಬದಲಿಸುವ ಆ ಗಾಡಿಯನ್ನು ಸಾಕಿದವನಿಗೆ ಉಳಿದ ಗಾಡಿಗಳ ವಿಚಾರದಲ್ಲಿ ಮಾತಾಡುವ ಹಕ್ಕು ತಾನಾಗಿ ಬರುತ್ತದೆ ಎಂಬುದು ನಮ್ಮೂರಿನ ನಂಬಿಕೆ.

ಹುಡುಗಿಯನ್ನು ಬುದ್ಧಿ ಹೇಳಿ ನಿಲ್ಲಿಸಬೇಕಾದರೆ ಮೊದಲು ಅವಳ ಕಾರಣವನ್ನು ಕೇಳಬೇಕಲ್ಲ. ಕೇಳಿದೆ. ಅವಳು ಪಶುವೈದ್ಯೆ, ಮೂಡಿಗೆರೆಯ ಆಚೆ ಗುಡ್ಡಗಾಡಿನಲ್ಲಿ ಕೆಲಸ. 2022ರ ಜುಲೈ ತಿಂಗಳಲ್ಲಿ ಒಂದು ರಾತ್ರಿ ಅವಳಿಗೆ ಕರೆ ಬಂತು. ಕರು ಹಾಕಿ ಎರಡು ದಿನವಾದ ಹಸು ನೆಲ ಹಿಡಿದಿದೆ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿದೆ, ಕಿವಿ ತಣ್ಣಗಾಗಿದೆ. ಅದು ಹಾಲುಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿಯಾಗುವ ಕಾಯಿಲೆಯಲ್ಲ. ಕೆಚ್ಚಲಿಗೆ ಹಾಲಿಳಿಯುವ ಭರದಲ್ಲಿ ರಕ್ತದೊಳಗಿನ ಸುಣ್ಣದ ಅಂಶ ಬರಿದಾಗಿ ಹಸು ಕುಸಿಯುತ್ತದೆ. ಸಕಾಲದಲ್ಲಿ ಕ್ಯಾಲ್ಸಿಯಂ ಔಷಧವನ್ನು ರಕ್ತನಾಳಕ್ಕೆ ನಿಧಾನವಾಗಿ ಇಳಿಸಿದರೆ, ಸತ್ತಂತಿದ್ದ ಪ್ರಾಣಿ ಎಷ್ಟೋ ಸಲ ಗಂಟೆಯೊಳಗೆ ಎದ್ದು ನಿಂತು ಹುಲ್ಲಿಗೆ ಬಾಯಿ ಹಾಕುತ್ತದೆ. ವೈದ್ಯವಿದ್ಯೆಯಲ್ಲಿ ಪವಾಡಕ್ಕೆ ಇಷ್ಟು ಹತ್ತಿರ ಬರುವುದು ಹೆಚ್ಚಿಲ್ಲ ಎಂದಳು. ಆದರೆ ಆ ರಾತ್ರಿ ಅವಳ ಸ್ಕೂಟರು ಹಳ್ಳದ ಈಚೆಯೇ ಕೆಸರಿನಲ್ಲಿ ಹೂತಿತು. ಚೀಲ ಹೊತ್ತು, ಸಂಕ ದಾಟಿ, ಮೂರು ಕಿಲೋಮೀಟರು ಮಳೆಯಲ್ಲಿ ನಡೆದು ಕೊಟ್ಟಿಗೆ ಮುಟ್ಟುವ ಹೊತ್ತಿಗೆ ಕೆಲಸ ಮುಗಿದಿತ್ತು. ಆ ಮನೆಯ ಮುದುಕಿ ಒಂದು ಮಾತೂ ಆಡಲಿಲ್ಲ. "ನೆಂದಿದ್ದೀಯ, ಕಾಪಿ ಕುಡ್ದು ಹೋಗಮ್ಮ" ಎಂದಳಂತೆ.

"ಬೈದಿದ್ದರೆ ಸಮಾಧಾನವಾಗುತ್ತಿತ್ತು ಮಾವ" ಎಂದಳು ಹುಡುಗಿ.

ಭಾವನವರಿಗೆ ನಾನು ತಿರುಗಿ ಫೋನು ಮಾಡಿ, ಬುದ್ಧಿ ಹೇಳುವ ಕೆಲಸ ಆಗದು, ಬಂಡಿ ಆರಿಸುವ ಕೆಲಸವಾದರೆ ಮಾಡುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಅಕ್ಕನಿಗೆ ನೀನೇ ಹೇಳು" ಎಂದು ಫೋನು ಇಟ್ಟರು.

ಈ ಪ್ರಾಣಿಯ ಲಕ್ಷಣಗಳನ್ನು ಮೊದಲು ಹೇಳಿಬಿಡುತ್ತೇನೆ. ಮೈ ಸಣಕಲು, ಕಾಲು ಉದ್ದ. ಮುಂದಿನ ಚಕ್ರ ಹಿಂದಿನದಕ್ಕಿಂತ ದೊಡ್ಡದು, ಸಾಮಾನ್ಯವಾಗಿ ಇಪ್ಪತ್ತೊಂದು ಅಂಗುಲ. ಏಕೆಂದರೆ ದೊಡ್ಡ ಚಕ್ರ ಕಲ್ಲನ್ನೂ ಬೇರನ್ನೂ ಗುದ್ದುವುದಿಲ್ಲ, ಹತ್ತಿ ಇಳಿಯುತ್ತದೆ. ಮುಂದಿನ ಮಡ್‌ಗಾರ್ಡು ಟೈರಿನಿಂದ ಮಾರುದೂರ ಮೇಲಕ್ಕೆ ನಿಂತಿರುತ್ತದೆ. ನಡುವೆ ಕೆಸರು ಮೆತ್ತಿಕೊಂಡರೂ ಚಕ್ರ ಕಟ್ಟದಿರಲಿ ಎಂದು. ಟೈರಿನ ಮೈಯೆಲ್ಲ ಹಲಸಿನ ಹಣ್ಣಿನ ಹಾಗೆ ಗುಬುಟು. ಇವುಗಳಲ್ಲೂ ಒಳಪಂಗಡಗಳಿವೆ. ಮೋಟೋಕ್ರಾಸ್ ಎಂಬುದು ಪಂದ್ಯದ ಕುದುರೆ. ಅದಕ್ಕೆ ದೀಪವಿಲ್ಲ, ಹಾರ್ನಿಲ್ಲ, ನಂಬರು ಫಲಕವಿಲ್ಲ. ರಸ್ತೆಗೆ ನೋಂದಣಿಯೂ ಆಗುವುದಿಲ್ಲ. ಇನ್ನೊಂದು ಪಂಗಡ ಉಭಯಚರ. ಊರ ರಸ್ತೆಯಲ್ಲಿ ಸಭ್ಯವಾಗಿ ಓಡಾಡಿ, ಟಾರು ಮುಗಿದ ಕಡೆ ಧೋತ್ರ ಮೇಲೆತ್ತಿ ಕಟ್ಟಿಕೊಂಡು ಹಳ್ಳಕ್ಕಿಳಿಯುವಂಥದು.

ಹುಡುಗಿಯ ಕಣ್ಣು ಬಿದ್ದದ್ದು ಪಂದ್ಯದ ಕುದುರೆಯ ಮೇಲೆ. ಬೆಂಗಳೂರಿನಲ್ಲಿ ಅವಳ ಸಹಪಾಠಿಯೊಬ್ಬನ ಪರಿಚಯದವರ ಹತ್ತಿರ ಇನ್ನೂರೈವತ್ತು ಸಿಸಿಯ, ಹೊರದೇಶದಿಂದ ಬಂದ ಹಳೆಯ ಮೋಟೋಕ್ರಾಸ್ ಬಂಡಿ ಇತ್ತು. ಸುಮಾರು ನೂರೈದು ಕಿಲೋ ತೂಕ. ನೋಡಲು ಬಲು ಚಂದ. ಹಗುರವಾದದ್ದು ಹೊಸಬರಿಗೆ ಒಳ್ಳೆಯದಲ್ಲವೆ ಎಂಬುದು ಅವಳ ವಾದ. ವಾದದಲ್ಲಿ ಅರ್ಧ ಸತ್ಯವಿದೆ. ಹೊಸದಾಗಿ ಕಲಿಯುವವನಿಗೆ ಬಂಡಿ ಹಗುರವಾಗಿರಬೇಕು, ಸರಿ. ಆದರೆ ಅದರ ಬಲ ಹೇಗೆ ಬರುತ್ತದೆಂಬುದನ್ನೂ ನೋಡಬೇಕು. ಪಂದ್ಯದ ಎಂಜಿನ್ನು ಮೆಲ್ಲನೆ ಏಳುವಂಥದಲ್ಲ. ಕೆಳಗಿನ ವೇಗದಲ್ಲಿ ತೂಕಡಿಸುತ್ತಿದ್ದು, ಆಕ್ಸಿಲರೇಟರನ್ನು ಇನ್ನೊಂದು ಕೂದಲೆಳೆ ತಿರುವಿದೊಡನೆ ಮೈಮೇಲೆ ದೇವರು ಬಂದಂತೆ ಹಾರುತ್ತದೆ. ಗುಂಡಿಗೆ ಬಿದ್ದಾಗ ಹೊಸಬನ ಕೈ ಬೆದರಿ ತಾನಾಗಿ ತಿರುವುತ್ತದೆ. ಬಂಡಿ ಅದನ್ನೇ ಅಪ್ಪಣೆಯೆಂದು ತಿಳಿಯುತ್ತದೆ. ಮೃದುವಾದ ಎಂಜಿನ್ನು ಅಂಥ ಅಪ್ಪಣೆಯನ್ನು ಅರ್ಧ ಕೇಳಿ ಅರ್ಧ ಬಿಟ್ಟುಬಿಡುತ್ತದೆ. ಕಲಿಯುವ ಕಾಲದಲ್ಲಿ ಇಂಥ ಅವಿಧೇಯ ಸೇವಕನೇ ಲೇಸು.

ಎರಡನೆಯದು, ಆಯುಸ್ಸು. ಪಂದ್ಯದ ಬಂಡಿಯ ಆಯುಸ್ಸನ್ನು ಕಿಲೋಮೀಟರುಗಳಲ್ಲಿ ಎಣಿಸುವುದಿಲ್ಲ, ಗಂಟೆಗಳಲ್ಲಿ ಎಣಿಸುತ್ತಾರೆ. ಅದಕ್ಕೆಂದೇ ಗಂಟೆ ಎಣಿಸುವ ಸಣ್ಣ ಮೀಟರು ಹಾಕಿಸಿರುತ್ತಾರೆ. ಕೆಲವೇ ಗಂಟೆ ಓಡಿದ ಮೇಲೆ ಎಣ್ಣೆ ಬದಲು. ಇಷ್ಟು ಗಂಟೆಗೆ ಪಿಸ್ಟನ್ನು, ಇಷ್ಟು ಗಂಟೆಗೆ ವಾಲ್ವಿನ ತಪಾಸಣೆ ಎಂದು ಪಂಚಾಂಗ ಇರುತ್ತದೆ. ಎರಡು ಸ್ಟ್ರೋಕಿನದಾದರೆ ಪೆಟ್ರೋಲಿಗೆ ಎಣ್ಣೆಯನ್ನು ಮೂವತ್ತೆರಡಕ್ಕೆ ಒಂದೋ ನಲವತ್ತಕ್ಕೆ ಒಂದೋ, ಅದರ ಪುಸ್ತಕ ಹೇಳಿದಂತೆ, ಅಳೆದು ಬೆರೆಸಬೇಕು. ಶನಿವಾರ ಓಡಿಸಿ ಭಾನುವಾರ ಬಿಚ್ಚಿ ಕೂರುವ ಹವ್ಯಾಸಿಗೆ ಅದೊಂದು ಸುಖ. ನಡುರಾತ್ರಿ ಹಸುವಿನ ಮನೆಗೆ ಓಡಬೇಕಾದವಳಿಗೆ ಅಂಥ ಮಡಿವಂತ ಬಂಡಿ ಏತಕ್ಕೆ? ಮೇಲಾಗಿ ನಂಬರಿಲ್ಲದ, ದೀಪವಿಲ್ಲದ ಗಾಡಿಯಲ್ಲಿ ವೈದ್ಯೆ ಊರ ನಡುವೆ ಹೋದರೆ ಪೋಲೀಸರು ಮೊದಲು ಅವಳ ನಾಡಿ ನೋಡುತ್ತಾರೆ.

ಆದರೂ ಹೋಗಿ ನೋಡಿದೆವು. ಇಲ್ಲದಿದ್ದರೆ ಅವಳ ಮನಸ್ಸಿನಲ್ಲಿ ಅದು ಉಳಿದುಬಿಡುತ್ತದೆ. ಹಳೆಯ ಬಂಡಿ ನೋಡುವುದು ಹೆಣ್ಣು ನೋಡುವ ಶಾಸ್ತ್ರದಂತಲ್ಲ, ಸಂತೆಯಲ್ಲಿ ಎತ್ತು ನೋಡುವ ಹಾಗೆ. ಬಣ್ಣಕ್ಕೆ ಮರುಳಾಗಬಾರದು. ಈ ಬಂಡಿಗಳ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಒಂದು ಮಧ್ಯಾಹ್ನದಲ್ಲಿ ಹೊಸದು ಮಾಡಬಹುದು. ಕಾಲಿನ ಬೂಟು ಉಜ್ಜಿ ಉಜ್ಜಿ ಬೆಳ್ಳಗಾದ ಚೇಸಿಸ್ಸಿನ ಕಬ್ಬಿಣ ಮಾತ್ರ ಸುಳ್ಳು ಹೇಳುವುದಿಲ್ಲ. ನಾವು ಹೋದಾಗ ಎಂಜಿನ್ನು ಆಗಲೇ ಬೆಚ್ಚಗಿತ್ತು. ಕೊಳ್ಳುವವರು ಬರುವ ಮುನ್ನವೇ ಬಂಡಿಯನ್ನು ಬೆಚ್ಚಗೆ ಮಾಡಿಟ್ಟಿದ್ದಾರೆಂದರೆ ತಣ್ಣಗಿದ್ದಾಗ ಅದು ಏಳಲು ಸತಾಯಿಸುತ್ತದೆಯೇನೋ ಎಂಬ ಅನುಮಾನ ನ್ಯಾಯವಾದದ್ದೇ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳು ಗರಗಸದಂತೆ ಒಂದು ಕಡೆಗೆ ಬಾಗಿದ್ದವು. ಚೈನನ್ನು ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಹಿಡಿದು ಎಳೆದರೆ ಹಲ್ಲಿನ ಅರ್ಧ ಕಾಣುವಷ್ಟು ಮೇಲೆದ್ದು ಬಂತು. ಮುಂದಿನ ಚಕ್ರವನ್ನು ನೆಲದಿಂದೆತ್ತಿ ಹ್ಯಾಂಡಲನ್ನು ಮೆಲ್ಲನೆ ತಿರುಗಿಸಿದಾಗ ನಡುವೆ ಒಂದು ಕಡೆ ಕಚ್ಚಿದಂತಾಯಿತು. ಬೇರಿಂಗಿನಲ್ಲಿ ಗುಳಿ ಬಿದ್ದಿದೆ ಎಂದು ಅರ್ಥ. ಕೊನೆಗೆ ಏರ್ ಫಿಲ್ಟರಿನ ಪೆಟ್ಟಿಗೆ ತೆರೆಸಿ, ಫಿಲ್ಟರಿನ ಆಚೆ, ಎಂಜಿನ್ನಿನ ಕಡೆಯ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿದೆ. ಬಟ್ಟೆ ಕೆಂಪಾಗಿ ಹೊರಬಂತು.

"ನೋಡು ಪುಟ್ಟಿ, ಇದು ಮಣ್ಣು ತಿಂದಿದೆ" ಎಂದೆ. ಕೃಷ್ಣನ ಬಾಯಲ್ಲಿ ಮಣ್ಣು ಕಂಡ ಯಶೋದೆಗೆ ಬ್ರಹ್ಮಾಂಡ ದರ್ಶನವಾಯಿತು; ಎಂಜಿನ್ನಿನ ಬಾಯಲ್ಲಿ ಕಂಡವನಿಗೆ ಮೆಕ್ಯಾನಿಕ್ಕಿನ ಬಿಲ್ಲಿನ ದರ್ಶನವಾಗುತ್ತದೆ. ಫಿಲ್ಟರು ದಾಟಿದ ಧೂಳು ಎಣ್ಣೆಯೊಡನೆ ಬೆರೆತು, ಪಾತ್ರೆ ಉಜ್ಜುವ ಪುಡಿಯಂತೆ ಪಿಸ್ಟನ್ನನ್ನೂ ಸಿಲಿಂಡರನ್ನೂ ತಿಕ್ಕಿ ಸವೆಸುತ್ತದೆ. ಅಲ್ಲಿಗೆ ಆ ಕುದುರೆಯ ಮಾತು ಮುಗಿಯಿತು.

ಮುಂದೆ ನಾವು ಗಂಟು ಹಾಕಿದ್ದು 2021ರ ಒಂದು ಹೀರೋ ಎಕ್ಸ್‌ಪಲ್ಸ್ 200ಕ್ಕೆ. 2019ರಲ್ಲಿ ಮಾರುಕಟ್ಟೆಗೆ ಬಂದ ಈ ಬಂಡಿ ಉಭಯಚರಗಳ ಪಂಗಡದ್ದು. ಮುಂದೆ ಇಪ್ಪತ್ತೊಂದು, ಹಿಂದೆ ಹದಿನೆಂಟು ಅಂಗುಲದ ಕಡ್ಡಿ ಚಕ್ರಗಳು. ಹೊಟ್ಟೆಯ ಕೆಳಗೆ 220 ಮಿಲಿಮೀಟರು ಜಾಗ. ಮುಂದಿನ ಫೋರ್ಕು 190 ಮಿಲಿಮೀಟರು ಕುಗ್ಗಿ ಏಳುತ್ತದೆ. ಪಂದ್ಯದ ಬಂಡಿಗಳಲ್ಲಿ ಇದು ಮುನ್ನೂರರ ಆಸುಪಾಸು ಇರುತ್ತದೆ. ಆದರೆ ನಮ್ಮ ಹುಡುಗಿ ಗಾಳಿಯಲ್ಲಿ ಹಾರಬೇಕಾಗಿರಲಿಲ್ಲ, ಹಳ್ಳ ದಾಟಬೇಕಾಗಿತ್ತು. ತೂಕ ಮಾತ್ರ ನೂರೈವತ್ತು ಕಿಲೋಗೂ ಮೇಲೆ. ಸೀಟು ನೆಲದಿಂದ ಸುಮಾರು 82 ಸೆಂಟಿಮೀಟರು ಎತ್ತರ. ಹುಡುಗಿ ಐದಡಿ ಎರಡಂಗುಲ, ಐವತ್ತೆರಡು ಕಿಲೋ. ತೊಡಕು ಇದ್ದದ್ದು ಇಲ್ಲಿ.

ಎರಡು ಪಾದವೂ ಪೂರ್ತಿ ನೆಲಕ್ಕೆ ಊರಬೇಕೆಂಬ ಹಟ ಈ ಬಂಡಿಗಳಲ್ಲಿ ಸಲ್ಲದು. ಒಂದು ಕಡೆಗೆ ಸ್ವಲ್ಪ ಜಾರಿ ಕುಳಿತು ಒಂದು ಪಾದವನ್ನು ಗಟ್ಟಿಯಾಗಿ ಊರಿದರೆ ಸಾಕು; ನಿಲ್ಲುವ ಮುಂಚೆ ಯಾವ ಕಡೆ ನೆಲ ಎತ್ತರವಿದೆ ಎಂದು ನೋಡಿಕೊಳ್ಳುವ ಅಭ್ಯಾಸ ಬಂದರಾಯಿತು. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗಿನದೂ ಒಂದು ಮಾತಿದೆ. ಸವಾರ ತನ್ನ ಉಡುಪು ಸಹಿತ ಕುಳಿತಾಗ ಅದರ ಒಟ್ಟು ಓಟದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕುಗ್ಗಬೇಕು. ಹಿಂದಿನ ಮಾಲೀಕ ದಢೂತಿ ಆಸಾಮಿ, ಸ್ಪ್ರಿಂಗನ್ನು ಬಿಗಿದಿಟ್ಟಿದ್ದ. ಅದನ್ನು ಸಡಿಲಿಸಿ, ಅವಳನ್ನು ಕೂರಿಸಿ, ನಾನು ಮೇಷ್ಟರ ಅಳತೆಪಟ್ಟಿ ಹಿಡಿದು ನೋಡಿ, ಮತ್ತೆ ಸಡಿಲಿಸಿ, ಒಂದು ಬೆರಳಗಲ ಇಳಿಸಿದೆ. ಕಾಲಿನ ಹೆಬ್ಬೆರಳು ತಾಗುತ್ತಿದ್ದ ಕಡೆ ಪಾದದ ಮುಂಭಾಗ ಊರಿತು. ಹೊಸಬರು ಸೀಟನ್ನು ಕೊಯ್ಯಿಸುವ, ಚೇಸಿಸ್ಸನ್ನೇ ತಗ್ಗಿಸುವ ಶಸ್ತ್ರಕ್ರಿಯೆಗೆ ಕೈಹಾಕುವ ಮುಂಚೆ ಈ ಒಂದು ಸ್ಪ್ರಿಂಗನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಭಾವನವರ ಮುಖ ಬಿಗಿದೇ ಇತ್ತು. ಅವರ ಪ್ರಶ್ನೆ ಒಂದೇ: "ಕಾಡಿನ ನಡುವೆ ಬಿದ್ದರೆ ಎತ್ತುವವರು ಯಾರು?" ಪ್ರಶ್ನೆ ಸರಿಯಾದದ್ದೇ. ಬೀಳುವುದು ಈ ವಿದ್ಯೆಯಲ್ಲಿ ಅಪಘಾತವಲ್ಲ, ಪಾಠ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯರಾದವರು; ಅಂಥವರೂ 2021ರಲ್ಲಿ ಸೌದಿ ಅರೇಬಿಯದ ಮರುಭೂಮಿಯಲ್ಲಿ ಬಿದ್ದು, ವೈದ್ಯರು ಅವರನ್ನು ಹಲವು ದಿನ ಔಷಧದ ನಿದ್ದೆಯಲ್ಲಿ ಇರಿಸಬೇಕಾಯಿತು. ಇದನ್ನು ನಾನು ಭಾವನವರಿಗೆ ಹೇಳಲಿಲ್ಲ. ಅವರೇ ಎಲ್ಲೋ ಓದಿ ನನಗೆ ಹೇಳಿದರು.

ಆದಕಾರಣ ದುಡ್ಡು ಕೊಡುವ ಮೊದಲು ನಮ್ಮ ಮನೆಯ ಹಿತ್ತಲಿನಲ್ಲಿ ಪರೀಕ್ಷೆ ಇಟ್ಟೆ. ಮಾರುವವನ ಒಪ್ಪಿಗೆ ಪಡೆದು, ಹುಲ್ಲಿನ ಮೇಲೆ ಗೋಣಿಚೀಲ ಹಾಸಿ, ಬಂಡಿಯನ್ನು ಮೆಲ್ಲನೆ ಬಲಮಗ್ಗುಲಿಗೆ ಮಲಗಿಸಿದೆವು. ಅಕ್ಕ ಅಡಿಗೆಮನೆಯ ಕಿಟಕಿಯಲ್ಲಿ. ಭಾವನವರು ಬಾವಿಕಟ್ಟೆಯ ಮೇಲೆ. ನಾನು ಹೇಳಿಕೊಟ್ಟೆ. ಮೊದಲು ಎಂಜಿನ್ನು ಆರಿಸುವ ಗುಂಡಿ. ಬಲಕ್ಕೆ ಬಿದ್ದಿದ್ದರೆ ಎಡಗಡೆಯ ಸೈಡ್ ಸ್ಟ್ಯಾಂಡನ್ನು ಮೊದಲೇ ಹೊರಕ್ಕೆ ಚಾಚಿಬಿಡುವುದು, ಎತ್ತಿದ ಮೇಲೆ ಆ ಕಡೆಗೆ ಹೊರಳದಂತೆ. ಗೇರಿನಲ್ಲಿಡುವುದು, ಚಕ್ರ ಉರುಳದಂತೆ. ನೂರೈವತ್ತು ಕಿಲೋ ಎಂದು ಹೆದರಬೇಕಾಗಿಲ್ಲ. ಬಂಡಿಯ ಒಂದು ತುದಿ ನೆಲದ ಮೇಲೆಯೇ ಇರುತ್ತದೆ, ನಾವು ಎತ್ತುವುದು ಇನ್ನೊಂದು ತುದಿಯನ್ನು. ಸನ್ನೆಯ ನಿಯಮದ ಪ್ರಕಾರ ಕೈಗೆ ಬರುವುದು ಅದರ ಒಂದು ಪಾಲು. ಸೊಂಟ ಬಗ್ಗಿಸಿ ಎತ್ತಬಾರದು. ಕುಕ್ಕರುಗಾಲಿನಲ್ಲಿ ಕುಳಿತು, ಕೆಳಗಿನ ಹ್ಯಾಂಡಲನ್ನು ಎದೆಗೆ ಸೆಳೆದುಕೊಂಡು, ತೊಡೆಯ ಬಲದಲ್ಲಿ ಏಳಬೇಕು.

ಮೊದಲನೆಯ ಸಲ ಬಂಡಿ ಗೇಣುದ್ದ ಎದ್ದು ಮತ್ತೆ ಮಲಗಿತು. ಎರಡನೆಯ ಸಲ ಅವಳ ಕಾಲು ಜಾರಿತು. ಭಾವನವರು ಬಾವಿಕಟ್ಟೆಯಿಂದ ಇಳಿದರು; ನಾನು ಕೈ ಅಡ್ಡ ಮಾಡಿದೆ. ಮೂರನೆಯ ಸಲ ಅವಳು ಚಪ್ಪಲಿ ಬಿಟ್ಟು, ಹಿಮ್ಮಡಿಯಿಂದ ಹುಲ್ಲನ್ನು ಕೆದಕಿ ಗುಳಿ ಮಾಡಿಕೊಂಡು ಅಲ್ಲಿ ಊರಿ ಎದ್ದಳು. ಬಂಡಿ ಎದ್ದು ಸ್ಟ್ಯಾಂಡಿನ ಮೇಲೆ ಕುಳಿತಿತು. ಮಲಗಿದ ಎಮ್ಮೆ ಎಬ್ಬಿಸುವುದಕ್ಕಿಂತ ಸುಲಭ ಎಂದಳು. ಕಿಟಕಿಯಲ್ಲಿ ಅಕ್ಕ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಂದು, ತನ್ನ ಚೀಟಿಯ ಹಣದಲ್ಲಿ ಹನ್ನೆರಡು ಸಾವಿರ ಮಗಳ ಕೈಯಲ್ಲಿಟ್ಟು, "ಕಾಲಿಗೆ ಬೂಟು ತಗೊ" ಎಂದಳು.

ಅಕ್ಕ ಯಾವ ಪುಸ್ತಕವನ್ನೂ ಓದದೆ ಈ ಮಾತಿನ ಮರ್ಮಕ್ಕೆ ಬಂದಿದ್ದಳು. ಹೊಸಬರು ಇರುವ ದುಡ್ಡನ್ನೆಲ್ಲ ಬಂಡಿಗೆ ಸುರಿದು, ಬರಿಗಾಲಿಗೆ ಕ್ಯಾನ್ವಾಸ್ ಷೂ ಹಾಕಿ ಹೊರಡುತ್ತಾರೆ. ಈ ಬಂಡಿಗಳಲ್ಲಿ ಬಿದ್ದಾಗ ಮೊದಲು ಸಿಕ್ಕಿಕೊಳ್ಳುವುದು ಪಾದ ಮತ್ತು ಕೀಲು. ಕಣಕಾಲಿನ ಮೇಲಕ್ಕೆ ಬರುವ ಗಟ್ಟಿ ಬೂಟು, ಗಲ್ಲದ ಕಡೆ ಚಾಚಿದ ಹೆಲ್ಮೆಟ್ಟು, ಕಣ್ಣಿಗೆ ಗಾಗಲ್ಲು, ಮೊಣಕಾಲು ಮೊಣಕೈಗೆ ಕವಚ, ಕೈಗವಸು, ಇಷ್ಟಕ್ಕೆ ಒಟ್ಟು ಹಣದಲ್ಲಿ ಐದರಲ್ಲೊಂದು ಪಾಲನ್ನು ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ಬಂಡಿ ಹುಡುಕಬೇಕೆಂಬುದು ನನ್ನ ಲೆಕ್ಕ. ಅವಳ ಬಳಿ ಇದ್ದದ್ದು ಒಂದು ಲಕ್ಷ ಮೂವತ್ತು ಸಾವಿರ. ಬಂಡಿಗೆ ಒಂದು ಲಕ್ಷದ ಮೇಲೆ ಒಂದು ರೂಪಾಯಿಯೂ ಕೊಡಗೊಡಲಿಲ್ಲ.

ಕೊಂಡದ್ದು 2023ರ ಜನವರಿಯಲ್ಲಿ. ಮುಂಗಾರಿಗೆ ಐದು ತಿಂಗಳ ಕಾಲ ಸಿಕ್ಕಿತು. ಮೊದಲ ತಿಂಗಳು ಒಂದು ಕೊಯ್ಲಾದ ಗದ್ದೆಯಲ್ಲಿ, ಗದ್ದೆಯವರ ಅನುಮತಿ ಪಡೆದು, ಎಂಟರ ಆಕಾರದಲ್ಲಿ ಸುತ್ತಿದ್ದೇ ಸುತ್ತಿದ್ದು. ನಿಂತು ಓಡಿಸುವುದನ್ನು ಕಲಿಯಬೇಕು: ಮೊಣಕಾಲಿನಿಂದ ಬಂಡಿಯನ್ನು ಒತ್ತಿ ಹಿಡಿದು, ಕೈ ಸಡಿಲ ಬಿಟ್ಟು, ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹೋಗಬೇಕಾದ ಜಾಗದ ಮೇಲೆ. ಕಲ್ಲನ್ನು ನೋಡಿದವನು ಕಲ್ಲಿಗೇ ಹೋಗುತ್ತಾನೆ. ಇಳಿಜಾರಿನಲ್ಲಿ ಕ್ಲಚ್ಚು ಹಿಡಿದು ಬಿಟ್ಟುಕೊಡದೆ ಗೇರಿನ ಬಿಗಿಯಲ್ಲೇ ಇಳಿಯಬೇಕು. ಇದಕ್ಕಿಂತ ಹೆಚ್ಚಿನದನ್ನು ಕಾಗದದ ಮೇಲೆ ಕಲಿಸಲಾಗದು, ಈಜಿನ ಹಾಗೆ.

ಆದರೆ ಆರೈಕೆಯನ್ನು ಕಲಿಸಬಹುದು. ಮೇಷ್ಟರುಗಿರಿಗೆ ಅಲ್ಲಿ ಅವಕಾಶವಿದೆ. ಮೊದಲನೆಯ ಪಾಠ ಉಸಿರಿನದು, ಎಂದರೆ ಏರ್ ಫಿಲ್ಟರು. ಬೇಸಗೆಯಲ್ಲಿ ಮಲೆನಾಡಿನ ಕೆಮ್ಮಣ್ಣಿನ ಧೂಳು ಅರಿಸಿನ ಪುಡಿಗಿಂತ ನಯ. ಫೋಮಿನ ಫಿಲ್ಟರಾದರೆ ತೊಳೆದು, ನೆರಳಿನಲ್ಲಿ ಒಣಗಿಸಿ, ಅದಕ್ಕೆಂದೇ ಇರುವ ಎಣ್ಣೆ ಹಚ್ಚಿ ಕೂರಿಸಬೇಕು. ಕಾಗದದ್ದಾದರೆ ತೊಳೆಯುವಂತಿಲ್ಲ, ಬದಲಿಸಬೇಕು. ಯಾವುದೇ ಆದರೂ ಕೂರಿಸುವಾಗ ಅಂಚು ಸುತ್ತಲೂ ಕಚ್ಚಿಕೊಂಡಿದೆಯೆ ಎಂದು ಬೆರಳಾಡಿಸಿ ನೋಡಬೇಕು. ಪುಸ್ತಕದಲ್ಲಿ ಹೇಳಿದ ಕಿಲೋಮೀಟರುಗಳು ಟಾರಿನ ಮೇಲೆ ಓಡುವವರಿಗೆ. ಧೂಳಿನಲ್ಲಿ ಓಡುವವರು ಅದನ್ನು ಅರ್ಧಕ್ಕೆ ಇಳಿಸಿಕೊಳ್ಳುವುದು ಕ್ಷೇಮ.

ಎರಡನೆಯದು ಚೈನು. ಚೈನನ್ನು ಬಿಗಿಯಾಗಿ ಇಡುವುದೇ ಒಳ್ಳೆಯದೆಂದು ಬಹಳ ಜನರ ನಂಬಿಕೆ. ಬಂಡಿ ನಿಂತಾಗ ಬಿಗಿಯಾಗಿರುವ ಚೈನು, ಗುಂಡಿಗೆ ಬಿದ್ದು ಹಿಂದಿನ ಚಕ್ರ ಮೇಲೇರಿದಾಗ ಇನ್ನೂ ಬಿಗಿಯುತ್ತದೆ. ಆಗ ಅದು ಬೇರಿಂಗುಗಳನ್ನು ಎಳೆದು ಕೊಲ್ಲುತ್ತದೆ. ಆದ್ದರಿಂದ ಉದ್ದ ಓಟದ ಸ್ಪ್ರಿಂಗಿರುವ ಬಂಡಿಗಳಲ್ಲಿ ಊರ ಬಂಡಿಗಿಂತ ಸ್ವಲ್ಪ ಹೆಚ್ಚು ಸಡಿಲ ಬೇಕು. ಎಷ್ಟು ಎಂಬುದನ್ನು ಆಯಾ ಬಂಡಿಯ ಪುಸ್ತಕ ಹೇಳುತ್ತದೆ. ತೊಳೆಯಲು ಸೀಮೆ ಎಣ್ಣೆ, ಮೆತ್ತನೆಯ ಬ್ರಷ್ಷು. ಪೆಟ್ರೋಲು ಕೂಡದು, ಕೊಂಡಿಗಳ ನಡುವಿನ ರಬ್ಬರ್ ಉಂಗುರಗಳನ್ನು ಅದು ತಿನ್ನುತ್ತದೆ. ಎಂಜಿನ್ನು ಓಡುತ್ತಿರುವಾಗ ಬಟ್ಟೆ ಹಿಡಿದು ಚೈನು ಒರೆಸುವ ಸಾಹಸ ಯಾರೂ ಮಾಡಬಾರದು. ಬೆರಳು ಕಳೆದುಕೊಂಡವರನ್ನು ನಾನು ಬಲ್ಲೆ.

ಕಡ್ಡಿಗಳ ತಪಾಸಣೆ ನನಗೆ ಬಹಳ ಇಷ್ಟವಾದದ್ದು. ಚಕ್ರವನ್ನು ಎತ್ತಿ ನಿಲ್ಲಿಸಿ, ಸಣ್ಣ ಪಾನಾದಿಂದ ಒಂದೊಂದೇ ಕಡ್ಡಿಯನ್ನು ತಟ್ಟುತ್ತ ಹೋಗಬೇಕು. ಸರಿಯಾಗಿ ಬಿಗಿದ ಕಡ್ಡಿ 'ಟಿಣ್' ಎನ್ನುತ್ತದೆ. ಸಡಿಲಾದದ್ದು 'ಥಡ್' ಎನ್ನುತ್ತದೆ. ಸಂಗೀತ ಬಲ್ಲ ಅಕ್ಕ ಅಂಗಳದಲ್ಲಿ ಕುಳಿತು ಕಣ್ಣು ಮುಚ್ಚಿಯೇ "ಅದು ಅಪಸ್ವರ, ಅದರ ಪಕ್ಕದ್ದೂ" ಎಂದು ಹೇಳಿಬಿಡುತ್ತಿದ್ದಳು. ಸಡಿಲಾದದ್ದನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ಬಿಗಿಯಬಾರದು. ರಿಮ್ಮು ಒಂದು ಕಡೆಗೆ ಎಳೆದುಕೊಂಡು ಚಕ್ರ ಕುಣಿಯತೊಡಗುತ್ತದೆ.

ಟೈರಿನ ಗಾಳಿಯದು ಸೂಕ್ಷ್ಮ. ಕೆಸರಿನಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಟೈರು ಅಗಲವಾಗಿ ನೆಲವನ್ನು ಹಿಡಿಯುತ್ತದೆ. ಅದೇ ನೆಪದಲ್ಲಿ ಬಹಳ ಇಳಿಸಿದರೆ ಕಲ್ಲು ಹೊಡೆದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ಪಂಕ್ಚರ್ ಹಾಕುವವನ ಅಂಗಡಿ ಹಳ್ಳದಾಚೆ ಇರುವುದಿಲ್ಲ. ಆದ್ದರಿಂದ ಒಂದು ಭಾನುವಾರವಿಡೀ ಅವಳಿಂದ ಹಿಂದಿನ ಚಕ್ರವನ್ನು ಬಿಚ್ಚಿಸಿ, ಟೈರು ಕಳಚಿಸಿ, ಸೋಪಿನ ನೀರು ಸವರಿ ಮತ್ತೆ ಹಾಕಿಸಿದೆ. ಮೊದಲ ಸಲ ಎರಡೂವರೆ ಗಂಟೆ. ನಾಲ್ಕನೆಯ ಸಲ ನಲವತ್ತು ನಿಮಿಷ. ಜೊತೆಗೆ ಒಯ್ಯಲು ಒಂದೇ ಟ್ಯೂಬಿಗೆ ಜಾಗವಿದ್ದರೆ ಮುಂದಿನ ಚಕ್ರದ ಇಪ್ಪತ್ತೊಂದು ಅಂಗುಲದ್ದನ್ನೇ ಒಯ್ಯಬೇಕು; ಆಪತ್ತಿನಲ್ಲಿ ಅದನ್ನು ಮಡಿಸಿ ಹದಿನೆಂಟರ ಹಿಂದಿನ ಚಕ್ರಕ್ಕೂ ತುರುಕಿ ಮನೆ ಸೇರಬಹುದು. ಸಣ್ಣದನ್ನು ದೊಡ್ಡದಕ್ಕೆ ಹಿಗ್ಗಿಸುವುದು ಅಷ್ಟು ನಂಬಿಕೆಯ ಕೆಲಸವಲ್ಲ.

ತೊಳೆಯುವುದರಲ್ಲೂ ವಿವೇಕ ಬೇಕು. ಸರ್ವಿಸ್ ಸ್ಟೇಷನ್ನಿನಲ್ಲಿ ಜೋರು ನೀರಿನ ಪಿಚಕಾರಿಯನ್ನು ಚಕ್ರದ ನಡುವಿಗೆ, ಹ್ಯಾಂಡಲಿನ ಬುಡಕ್ಕೆ ಹಿಡಿದರೆ ಕೆಸರು ಹೋಗುತ್ತದೆ, ಜೊತೆಗೆ ಗ್ರೀಸೂ ಹೋಗುತ್ತದೆ. ಬಕೆಟ್ಟು ನೀರು, ಹಳೆಯ ಬಟ್ಟೆ ಸಾಕು. ಫೋರ್ಕಿನ ಕಂಬಗಳ ಮೇಲಿನ ಒಣಕೆಸರನ್ನು ಪ್ರತಿದಿನ ಒರೆಸಿದರೆ ಆಯಿಲ್ ಸೀಲು ಉಳಿಯುತ್ತದೆ. ಎಂಜಿನ್ನಿನ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಒಳಗೆ ನೀರು ಸೇರಿದೆ ಎಂದು ತಿಳಿದು ಅಲ್ಲಿಗೇ ನಿಲ್ಲಿಸಬೇಕು. ಹಳ್ಳದ ನಡುವೆ ಬಂಡಿ ಮುಳುಗಿ ನಿಂತರಂತೂ ಮತ್ತೆ ಸ್ಟಾರ್ಟು ಮಾಡುವ ಆತುರ ಕೂಡದು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದು ಪಿಸ್ಟನ್ನು ಒತ್ತಿದರೆ ಕನೆಕ್ಟಿಂಗ್ ರಾಡೇ ಬಾಗುತ್ತದೆ. ದಡಕ್ಕೆ ತಳ್ಳಿ, ಪ್ಲಗ್ಗು ಬಿಚ್ಚಿ, ಎಂಜಿನ್ನು ತಿರುಗಿಸಿ ನೀರನ್ನು ಹೊರಹಾಕಿದ ಮೇಲೆಯೇ ಮುಂದಿನ ಮಾತು. ಈ ನಡುವೆ ಕಾಲಿಗೆ ಇಂಬಳ ಹತ್ತುತ್ತವೆ. ಅದಕ್ಕೆ ಭೌತಶಾಸ್ತ್ರದಲ್ಲಿ ಉಪಾಯವಿಲ್ಲ.

ಒಂದು ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಮಾತಾಡಿದ್ದೇನೆ. ರಸ್ತೆ ಬೇಡದ ಬಂಡಿ ಎಂದರೆ ಎಲ್ಲ ನೆಲವೂ ತನ್ನದೇ ಎಂದಲ್ಲ. ವಾರದ ಕೊನೆಗೆ ದೊಡ್ಡ ಊರುಗಳಿಂದ ಬಂದು ಗುಡ್ಡದ ನೆತ್ತಿಯ ಹುಲ್ಲುಗಾವಲನ್ನು ಉತ್ತು ಹೋಗುವವರಿದ್ದಾರೆ. ಮಲೆನಾಡಿನ ಮಳೆಗೆ ಆ ಟೈರಿನ ಒಂದು ಗೀರು ಸಾಕು, ಮುಂದಿನ ವರ್ಷಕ್ಕೆ ಅದು ಕೊರಕಲು. ಕಾಯ್ದಿಟ್ಟ ಅರಣ್ಯದೊಳಗೆ ಇವುಗಳಿಗೆ ಕೆಲಸವಿಲ್ಲ. ಗದ್ದೆಯ ಬದು ಯಾರದೋ ಬೆನ್ನುಮೂಳೆ. ಇನ್ನು ಸದ್ದು ಬರಲೆಂದು ಸೈಲೆನ್ಸರನ್ನು ಬಿಚ್ಚಿಸುವವರ ವಿಚಾರ ನನ್ನಿಂದ ಹೇಳಿಸದಿರುವುದೇ ವಾಸಿ. ನಮ್ಮ ಹುಡುಗಿ ಕೊಟ್ಟಿಗೆಗೆ ನೂರು ಗಜ ಇರುವಾಗಲೇ ಎಂಜಿನ್ನು ಆರಿಸಿ ನಡೆದು ಹೋಗುತ್ತಾಳೆ. ತುಂಬಿದ ಹಸು ಬೆದರಬಾರದಲ್ಲ.

ಅವಳಿಗೆ ನಾನು ಒಂದು ಉದ್ದ ನೋಟುಬುಕ್ಕು ಕೊಡಿಸಿದ್ದೆ. ಬಂಡಿಗೆ ಏನು ಮಾಡಿದೆ, ಯಾವಾಗ ಮಾಡಿದೆ ಎಂದು ಬರೆದಿಡಲು. ಹೋದ ಸಲ ನಾನು ಹೋಗಿದ್ದಾಗ ತೆಗೆದು ನೋಡಿದೆ. ಅವಳು ಅದನ್ನು ಮೂರು ಮನೆ ಮಾಡಿಕೊಂಡಿದ್ದಾಳೆ. ಒಂದು ಮನೆಯಲ್ಲಿ ಬಂಡಿ, ಒಂದರಲ್ಲಿ ದನ, ಮೂರನೆಯದರ ತಲೆಯ ಮೇಲೆ 'ಬಿದ್ದದ್ದು' ಎಂದಿದೆ. ಮೂರನೆಯ ಮನೆಯಲ್ಲಿ 2023ರ ಮುಂಗಾರೊಂದರಲ್ಲೇ ಹದಿನೇಳು ಗೀಟುಗಳಿವೆ. ಹದಿನಾಲ್ಕನೆಯದರ ಪಕ್ಕ 'ಎಡ ಮಣಿಕಟ್ಟು, ಮೂರು ವಾರ' ಎಂದು ಬರೆದು, ಬಹುಶಃ ತಂದೆಯ ಕಣ್ಣಿಗೆ ಬೀಳದಿರಲೆಂದು, ಮೇಲೆ ಸಣ್ಣಗೆ ಗೀಚಿದ್ದಾಳೆ. ಅದು ಬಿದ್ದಿದೆ. ಭಾವನವರ ಅಕ್ಷರದಲ್ಲಿ, ಬ್ಯಾಂಕಿನ ಕೆಂಪು ಶಾಯಿಯಲ್ಲಿ, ಪಕ್ಕದಲ್ಲಿ 'ನೋಡಿದ್ದೇನೆ' ಎಂದಿದೆ.

ಅದೇ ಪುಟದ ಕೆಳಗೆ ಆಗಸ್ಟಿನ ಒಂದು ರಾತ್ರಿಯ ನಮೂದು. ಸಂಕದಾಚೆಯ ಅದೇ ಮುದುಕಿಯ ಮನೆ, ಬೇರೆ ಹಸು, ಅದೇ ಕಾಯಿಲೆ. 'ಕರೆ 11.20. ತಲಪಿದ್ದು 12.05. ಎದ್ದದ್ದು 1.10. ಕಾಫಿ.' ಅದರ ಎದುರಿನ ಬಂಡಿಯ ಮನೆಯಲ್ಲಿ: 'ಹಿಂದಿನ ಬ್ರೇಕಿನಲ್ಲಿ ಕೆಸರು. ಪ್ಯಾಡು ಅರ್ಧ ಸವೆದಿದೆ. ಚೈನು ಇನ್ನು ಬಿಗಿಯಲು ಜಾಗವಿಲ್ಲ. ಹೊಸದು ಹಾಕುವಾಗ ಎರಡು ಸ್ಪ್ರಾಕೆಟ್ಟೂ ಜೊತೆಗೇ. ಅಪ್ಪ ಹಾಸನದಿಂದ ತರುತ್ತಾರಂತೆ.'